ರೆಪ್ಪೆ ಬಡಿಯದ ಅತ್ತೆ

ನಮ್ಮ ಅತ್ತೆ ಬದುಕಿದ್ದಾರೆ. ಇದನ್ನು ನಾನು ದೂರಿನ ರೂಪದಲ್ಲಿ ಹೇಳುತ್ತಿಲ್ಲ (ಈ ಸಾಲನ್ನು ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಓದುತ್ತಾಳೆ). ಗಟ್ಟಿಮುಟ್ಟಾಗಿ, ಎದ್ದು ಕಾಣುವಂತೆ, ಪಕ್ಕದ ಮನೆಯವರಿಗೂ ಕೇಳಿಸುವಂತೆ ಬದುಕಿದ್ದಾರೆ. ಇಡೀ ಬೀದಿಗೆ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಇದ್ದದ್ದು ಸರ್ಕಾರವೊಂದಕ್ಕೇ. ಅದನ್ನು ಸರ್ಕಾರಕ್ಕೆ ಮನವರಿಕೆ ಮಾಡಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದರಲ್ಲೇನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಏನೆಂದರೆ, ಈ ವಿಷಯದಲ್ಲಿ ಸರ್ಕಾರ ಅಂದರೆ ನಾನೇ.

ನಾನು ಪಿಂಚಣಿ ಇಲಾಖೆಯಲ್ಲಿ ಸೇವಾ ಸುಧಾರಣಾ ಅಧಿಕಾರಿ. ಹುದ್ದೆಯ ಹೆಸರು ಉದ್ದ, ಕೋಣೆ ಗಿಡ್ಡ. ಕಿಟಕಿಯೊಂದಿದೆ, ಅದನ್ನು ತೆರೆದರೆ ಪಕ್ಕದ ವಿಭಾಗದ ಕಪಾಟಿನ ಬೆನ್ನು ಕಾಣುತ್ತದೆ. ಆ ಕೋಣೆಯಲ್ಲಿ ಕೂತು ನಾನು ಜನರ ಬಾಳನ್ನು ಹಗುರ ಮಾಡುತ್ತೇನೆ. ನನ್ನದು ಗಂಭೀರವಾದ ಮುಖ, ಅದರ ಮೇಲೆ ಗಂಭೀರವಾದ ಮೀಸೆ. ಮೀಸೆಯ ಬಗ್ಗೆ ಇಲ್ಲಿ ಯಾಕೆ ಹೇಳಿದೆ ಎಂದು ಆಮೇಲೆ ತಿಳಿಯುತ್ತದೆ. ಸದ್ಯಕ್ಕೆ, ಇಲಾಖೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ ಎಂದಷ್ಟೇ ತಿಳಿದುಕೊಳ್ಳಿ.

ಮೊದಲೆಲ್ಲ ಪಿಂಚಣಿ ಪಡೆಯುವ ಹಿರಿಯರು ವರ್ಷಕ್ಕೊಮ್ಮೆ ನಮ್ಮ ಕಚೇರಿಗೆ ಬಂದು, ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ತಾವು ಬದುಕಿರುವುದನ್ನು ತೋರಿಸಿ ಹೋಗಬೇಕಿತ್ತು. ಮೇಜಿನ ಹಿಂದೆ ಕೂತ ಗುಮಾಸ್ತ ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಹ್ಞಾ, ಇದ್ದೀರಿ" ಎಂದು ಮುದ್ರೆ ಒತ್ತುತ್ತಿದ್ದ. ಕೆಳಗೆ ಪೂರ್ತಿ ಜೀವದಿಂದ ಹೊರಟವರು ಮೇಲೆ ತಲುಪುವಷ್ಟರಲ್ಲಿ ಅರ್ಧ ಜೀವವಾಗಿರುತ್ತಿದ್ದರು. ಅದನ್ನು ಕಂಡು ನನ್ನ ಕರುಳು ಚುರುಕ್ ಎಂದಿತು. (ತಂತ್ರಜ್ಞಾನದಿಂದ ಸೇವೆ ಸುಧಾರಿಸದ ಇಲಾಖೆಯ ಅಧಿಕಾರಿಗಳ ಬಗ್ಗೆ ವಿಚಾರ ಮಾಡಲಾಗುವುದು ಎಂಬ ಸುತ್ತೋಲೆ ಅದೇ ವಾರ ಬಂದದ್ದು ಕೇವಲ ಕಾಕತಾಳೀಯ.) ಹೀಗೆ ಹುಟ್ಟಿದ್ದೇ 'ಇದ್ದೇನೆ' ಎಂಬ ಆ್ಯಪ್. ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿದರೆ ಸಾಕು, ಸರ್ಕಾರ ನಿಮ್ಮನ್ನು ಇನ್ನೊಂದು ವರ್ಷ ಬದುಕಿಸುತ್ತದೆ.

ಆ್ಯಪ್ ತಯಾರಿಸಿದ ಕಂಪನಿಯವನು ಅದನ್ನು ಸಭೆಯಲ್ಲಿ ತೋರಿಸಿದ ದಿನ ನಮ್ಮ ನಿರ್ದೇಶಕರು ಕೇಳಿದರು: "ಅಲ್ರೀ, ಸತ್ತೋರ ಫೋಟೋ ತಂದು ತೋರಿಸಿದ್ರೆ?"

ಕಂಪನಿಯವನು ತನ್ನ ಕಾಗದಗಳನ್ನು ತಿರುವಿಹಾಕತೊಡಗಿದ. ಆಗ ನಾನು ನಿಧಾನವಾಗಿ ಮೀಸೆಯ ಮೇಲೆ ಬೆರಳಾಡಿಸಿ ಹೇಳಿದೆ: "ಫೋಟೋ ರೆಪ್ಪೆ ಬಡಿಯೋದಿಲ್ಲ, ಸರ್."

ಆಹಾ! ಆಮೇಲಿನ ಆ ಚಪ್ಪಾಳೆ! ರೆಪ್ಪೆ ಬಡಿದವನು ಬದುಕಿದವನು ಎಂಬ ಆ ನಿಯಮ ನನ್ನದೇ ಕೊಡುಗೆ. ಚಪ್ಪಾಳೆಯ ರುಚಿ ಹತ್ತಿತಲ್ಲ, ಅದೇ ಉಮೇದಿನಲ್ಲಿ ಮತ್ತೂ ಕೆಲವನ್ನು ಕೊಟ್ಟೆ. ಆಸ್ಪತ್ರೆ, ಬಸ್ಸು, ಗ್ರಂಥಾಲಯ, ಸರ್ಕಾರಿ ನೌಕರರ ಹಾಜರಿ, ಎಲ್ಲಕ್ಕೂ ಒಂದೇ ಮುಖಪರಿಚಯ ಸಾಕು ಎಂದೆ. ಒಂದು ಮುಖ ಇಬ್ಬರ ಹೆಸರಿನಲ್ಲಿ ಕಂಡುಬಂದರೆ ಹಳೆಯದು ನಕಲಿ, ಅದನ್ನು ತಕ್ಷಣ ಅಳಿಸಬೇಕು ಎಂದೆ. ತಪ್ಪೇನಾದರೂ ಆದರೆ ಅದನ್ನು ತಿದ್ದುವ ಅಧಿಕಾರ ಸೇವಾ ಸುಧಾರಣಾ ಅಧಿಕಾರಿಗೆ ಮಾತ್ರ, ಅವನೂ ಯಂತ್ರಕ್ಕೆ ಮುಖ ತೋರಿಸಿಯೇ ತಿದ್ದಬೇಕು ಎಂದೆ.

"ಸರ್, ಇನ್ನೊಬ್ಬ ಅಧಿಕಾರಿಗೂ ಆ ಅಧಿಕಾರ ಇರ್ಲಿ. ನೀವು ರಜೆ ಗಿಜೆ ಹಾಕಿದ್ರೆ?" ಎಂದು ಕಂಪನಿಯವನು ಕೇಳಿದ.

"ಇಬ್ಬರಿದ್ದಲ್ಲಿ ಶಿಸ್ತಿರಲ್ಲ" ಎಂದೆ. ಮತ್ತೆ ಚಪ್ಪಾಳೆ.

ಇನ್ನು ಅತ್ತೆಯ ವಿಷಯಕ್ಕೆ ಬರೋಣ. ಅವರು ಹುಡುಗಿಯರ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕೋಲು ಮುಟ್ಟಿದವರಲ್ಲ, ದನಿ ಏರಿಸಿದವರಲ್ಲ. ಅವರ ಅಸ್ತ್ರ ದೃಷ್ಟಿ. ತಪ್ಪು ಮಾಡಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಸುಮ್ಮನೆ ನೋಡುತ್ತಿದ್ದರಂತೆ. ಮೊದಲು ರೆಪ್ಪೆ ಬಡಿದವರದ್ದು ತಪ್ಪು. ಅವರು ಬಡಿಯುತ್ತಿರಲಿಲ್ಲವಾದ್ದರಿಂದ ತೀರ್ಪಿಗೆ ತಡವಾಗುತ್ತಿರಲಿಲ್ಲ. ಶಾಲೆಯ ಗಾಜು ಒಡೆದವರು, ಪಾಠ ಬರೆಯದವರು, ಒಮ್ಮೆ ಶಾಲೆಯನ್ನು ಪರಿಶೀಲಿಸಲು ಬಂದ ಸಾಹೇಬರು, ಎಲ್ಲರೂ ಆ ನೋಟದ ಮುಂದೆ ಸೋತವರೇ. ಅವರ ಮಗಳನ್ನು ಮದುವೆಯಾಗುತ್ತೇನೆಂದು ಕೇಳಲು ಹೋದಾಗ ನನ್ನನ್ನೂ ಹಾಗೆ ನೋಡಿದ್ದರು. ನಾನು ಎಷ್ಟು ಸಲ ರೆಪ್ಪೆ ಬಡಿದೆನೆಂದರೆ, "ಹುಡುಗನ ಕಣ್ಣಿಗೇನಾದ್ರೂ ತೊಂದ್ರೆ ಇದೆಯಾ?" ಎಂದು ಮಗಳನ್ನು ವಿಚಾರಿಸಿದರಂತೆ.

ಅಂಥವರು ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತರು.

"ಅಳಿಯಂದ್ರೇ, ನಾನು ಬದುಕಿದೀನಿ ಅಂತ ನಿಮ್ಮ ಯಂತ್ರ ಒಪ್ತಾ ಇಲ್ಲ. ಒಪ್ಪಿಸಿ. ಒಪ್ಪಿದ ಮರುದಿನ ನಾನು ಊರಿಗೆ."

"ಅಯ್ಯೋ ಅತ್ತೆ, ಅದಕ್ಕೇನು, ಈಗಲೇ ಮಾಡಿಬಿಡೋಣ" ಎಂದೆ. ಈಗಲೇ! ಎಂಥ ಮಾತು ನನ್ನ ನಾಲಗೆಯಿಂದ ಹೊರಟಿತು!

ಪೆಟ್ಟಿಗೆಯನ್ನು ಅವರು ಒಳಗೆ ಒಯ್ಯಲಿಲ್ಲ. ಬಾಗಿಲ ಪಕ್ಕದಲ್ಲೇ ಇಟ್ಟರು, ಇವತ್ತೋ ನಾಳೆಯೋ ಹೊರಡುವವರ ಹಾಗೆ. ಆ ಪೆಟ್ಟಿಗೆ ಅಲ್ಲಿರುವವರೆಗೂ ನನಗೆ ಆಸೆ ಇತ್ತು. ಆದರೆ ಅದು ಅಲ್ಲಿರುತ್ತಲೇ ಅವರು ಮನೆಯೊಳಗೆ ಒಂದೊಂದೇ ಪ್ರಾಂತ್ಯವನ್ನು ಗೆದ್ದುಕೊಂಡರು. ಮೊದಲು ಕಿಟಕಿ ಬಳಿಯ ನನ್ನ ಕುರ್ಚಿ ಬಿತ್ತು. ಆಮೇಲೆ ಟೀವಿಯ ರಿಮೋಟು. ನಂತರ ದಿನಪತ್ರಿಕೆ. ಅದು ನನ್ನ ಕೈಗೆ ಬರುವಷ್ಟರಲ್ಲಿ ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಗೆರೆ ಬಿದ್ದಿರುತ್ತಿತ್ತು. ಕೊನೆಗೆ ನಾನು ಮನೆಗೆ ತಂದ ಇಲಾಖೆಯ ಕಡತಕ್ಕೂ ಕೈ ಹಾಕಿದರು. "ಈ ವಾಕ್ಯಕ್ಕೆ ಕರ್ತೃನೇ ಇಲ್ವಲ್ಲ ಅಳಿಯಂದ್ರೇ? 'ಕ್ರಮ ಕೈಗೊಳ್ಳಲಾಗುವುದು' ಅಂತೆ. ಯಾರು ಕೈಗೊಳ್ತಾರೆ?" ನನ್ನ ಇಷ್ಟು ವರ್ಷದ ಸೇವೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮೊದಲ ಪ್ರಯತ್ನ ನಡೆದದ್ದು ಊಟದ ಮೇಜಿನ ಮೇಲೆ. ಫೋನನ್ನು ನೀರಿನ ಹಿತ್ತಾಳೆ ಹೂಜಿಗೆ ಒರಗಿಸಿ ಅತ್ತೆಯನ್ನು ಎದುರಿಗೆ ಕೂರಿಸಿದೆ. ಹೆಂಡತಿ ಪಕ್ಕದಲ್ಲಿ ನಿಂತಳು. ಆ್ಯಪಿನ ಹೆಣ್ಣುದನಿ ಜೇನಿನಂತೆ ಹರಿಯಿತು: "ನಮಸ್ಕಾರ. ನಿಮ್ಮ ಮುಖವನ್ನು ವೃತ್ತದೊಳಗೆ ಇರಿಸಿ."

"ನಮಸ್ಕಾರ" ಎಂದರು ಅತ್ತೆ. ಮಕ್ಕಳಿಗೆ ಹೇಳುವ ದನಿಯಲ್ಲೇ "ಕೂತ್ಕೋ" ಎಂದೂ ಸೇರಿಸಿದರು.

"ಈಗ ರೆಪ್ಪೆ ಬಡಿಯಿರಿ."

ಅತ್ತೆ ಫೋನನ್ನು ನೋಡಿದರು. ಫೋನು ಅತ್ತೆಯನ್ನು ನೋಡಿತು. ಹೊರಗೆ ಯಾರೋ ಗಾಡಿ ನಿಲ್ಲಿಸಿದರು, ಮತ್ತೆ ಹೊರಟರು. ಅತ್ತೆ ನೋಡುತ್ತಲೇ ಇದ್ದರು. ಫೋನಿನ ಪರದೆ ತಾನಾಗಿ ಮಂಕಾಯಿತು. ಸೋತದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಸೋತ ಫೋನು ಸೇಡು ತೀರಿಸಿಕೊಂಡಿತು: "ಕ್ಷಮಿಸಿ. ಜೀವಂತಿಕೆ ಕಂಡುಬಂದಿಲ್ಲ."

ಹೆಂಡತಿ ನನ್ನ ಕಡೆ ತಿರುಗಿದಳು. "ನಮ್ಮಮ್ಮನ್ನ ಕೂರಿಸ್ಕೊಂಡು ಜೀವಂತಿಕೆ ಇಲ್ಲ ಅಂತ ಹೇಳಿಸ್ತೀರಾ?"

"ನಾನಲ್ಲ ಕಣೇ, ಆ್ಯಪು."

"ಆ ಆ್ಯಪಿಗೆ ಮಾತು ಬರೆದುಕೊಟ್ಟಿದ್ದು ಯಾರು? 'ಸತ್ತಿದ್ದಾರೆ ಅನ್ನೋದು ಒರಟು, ಜೀವಂತಿಕೆ ಕಂಡುಬಂದಿಲ್ಲ ಅಂತ ಹಾಕಿಸಿದೆ, ನಯವಾಗಿದೆ ಅಲ್ವಾ' ಅಂತ ಊಟ ಮಾಡ್ತಾ ಹೇಳಿದ್ದು ಯಾರು?"

ಹೆಂಡತಿಯ ನೆನಪಿನ ಶಕ್ತಿಯನ್ನು ಸರ್ಕಾರ ಬಳಸಿಕೊಂಡರೆ ನಮಗೆ ಯಂತ್ರಗಳೇ ಬೇಕಾಗುವುದಿಲ್ಲ.

"ಅತ್ತೆ, ಒಂದೇ ಒಂದು ಸಲ ರೆಪ್ಪೆ ಬಡೀರಿ, ಸಾಕು" ಎಂದು ಬೇಡಿಕೊಂಡೆ.

"ನಾನೇನು ಬೇಕೂಂತ ಮಾಡ್ತೀನಾ? ಒಬ್ಬಳೇ ಇದ್ದಾಗ ಎಲ್ಲರ ಹಾಗೆ ಬಡ್ಕೊಳ್ಳುತ್ತೆ. ಯಾರಾದ್ರೂ ನೋಡ್ತಿದಾರೆ ಅಂತಾದ್ರೆ ನಿಂತುಬಿಡುತ್ತೆ. ಆಯುಷ್ಯವೆಲ್ಲ ಹಾಗೇ ಅಭ್ಯಾಸ. ಈಗ ಸರ್ಕಾರ ನೋಡ್ತಿದೆ ಅಂತ ಬಿಡೋಕಾಗುತ್ತಾ?"

ಆಮೇಲೆ ನಡೆದದ್ದು ಮಹಾಸಮರ. ಹೆಂಡತಿ ಬದಿಯಿಂದ ಬೀಸಣಿಗೆ ಬೀಸಿದಳು. ಅತ್ತೆಯ ಕೂದಲು ಹಾರಿತು, ರೆಪ್ಪೆ ಹಾರಲಿಲ್ಲ. ನಾನು ಬೆನ್ನ ಹಿಂದೆ ಬಂದು ಚಪ್ಪಾಳೆ ತಟ್ಟಿದೆ. "ಹೊರಗೆ ಹೋಗಿ ನಿಂತ್ಕೊಳ್ಳಿ" ಎಂದರು, ಕಣ್ಣು ಕದಲಿಸದೆ. ಹೋಗಿ ನಿಂತೆ ಕೂಡ (ಅಭ್ಯಾಸ ಅವರಿಗೊಬ್ಬರಿಗೇ ಇರುತ್ತದೆಯೇ?). ಈರುಳ್ಳಿ ಹೆಚ್ಚಿ ಎದುರಿಗಿಟ್ಟೆವು. ನಾನೂ ಹೆಂಡತಿಯೂ ಧಾರಾಕಾರವಾಗಿ ಅತ್ತೆವು. ಅತ್ತೆ ನಮ್ಮಿಬ್ಬರನ್ನೂ ನೋಡಿ, "ಯಾಕೆ ಅಳ್ತೀರಿ? ನಾನಿನ್ನೂ ಸತ್ತಿಲ್ಲ. ಅದನ್ನೇ ಅಲ್ವಾ ತೋರಿಸ್ತಾ ಇರೋದು?" ಎಂದರು. ಕೊನೆಗೆ ಹೆಂಡತಿ ಮೆಣಸಿನ ಪುಡಿ ತಂದಳು. ಅತ್ತೆ ಸೀನಿದರು. ಎಂಥ ಸೀನು! ರೆಪ್ಪೆ ಮುಚ್ಚಿತು, ನಾನು ಜಯಘೋಷ ಮಾಡಿದೆ. ಆದರೆ ಸೀನಿನ ರಭಸಕ್ಕೆ ಮುಖ ವೃತ್ತದಿಂದ ಆಚೆ ಹಾರಿ, ಫೋನು ಹೂಜಿಯ ಸಮೇತ ಕೆಳಗುರುಳಿತು. ನೆಲದ ಮೇಲಿಂದ ದನಿ ಬಂತು: "ಮುಖ ಕಂಡುಬಂದಿಲ್ಲ."

"ಮೊದ್ಲು ಜೀವ ಹೋಯ್ತು, ಈಗ ಮುಖನೂ ಹೋಯ್ತಾ?" ಎಂದರು ಅತ್ತೆ, ಮೂಗೊರೆಸಿಕೊಳ್ಳುತ್ತಾ.

ಹಳೆಯ ದಾರಿಯಲ್ಲೇ ಹೋಗಿ ಮುದ್ರೆ ಒತ್ತಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಆ ಮೇಜು ಹೋಗಿತ್ತು. ಸುಧಾರಣೆಯ ದಾರಿಗೆ ಅಡ್ಡವಾಗುತ್ತದೆಂದು ಅದನ್ನು ತೆಗೆಸಿದವನು ನಾನು. ಮುದ್ರೆಯನ್ನು ನೆನಪಿಗೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಿರ್ದೇಶಕರ ಕೋಣೆಯಲ್ಲಿ ಅಲಂಕಾರಕ್ಕೆ ಇಡಿಸಿದ್ದೆ.

ಹೀಗೆ ಗಡುವಿನ ಕೊನೆಯ ದಿನ ಬಂತು. ಅಂದು ಕಚೇರಿ ಮುಚ್ಚುವ ಹೊತ್ತಿಗೆ ಮುಖ ತೋರಿಸದವರನ್ನೆಲ್ಲ ಯಂತ್ರ ತಾನೇ ದಿವಂಗತರ ಪಟ್ಟಿಗೆ ಸೇರಿಸುತ್ತಿತ್ತು. ಅಷ್ಟೇ ಅಲ್ಲ, 'ನಿಮ್ಮ ಅಗಲಿಕೆಗೆ ಇಲಾಖೆ ವಿಷಾದಿಸುತ್ತದೆ' ಎಂಬ ಸಂದೇಶವನ್ನೂ ಕಳಿಸುತ್ತಿತ್ತು. (ಅದೂ ನನ್ನದೇ. ಸರ್ಕಾರಕ್ಕೂ ಒಂದು ಹೃದಯವಿದೆ ಎಂದು ಜನರಿಗೆ ತೋರಿಸಬೇಕಲ್ಲ.) ಒಮ್ಮೆ ದಿವಂಗತರಾದವರು ಮತ್ತೆ ಬದುಕಲು ಇನ್ನೊಂದು ಇಲಾಖೆಗೆ ಅರ್ಜಿ ಹಾಕಬೇಕು. ಆ ಇಲಾಖೆ ಇನ್ನೂ ಸ್ಥಾಪನೆಯಾಗಿರಲಿಲ್ಲ.

ನಾನು ಅರ್ಧ ದಿನ ರಜೆ ಹಾಕಿ ಮನೆಗೆ ಓಡಿ ಬಂದೆ. ಹೆಂಡತಿ ಬಾಗಿಲಲ್ಲೇ ಹಿಡಿದಳು.

"ನೋಡಿ, ಇವತ್ತು ಸಂಜೆ ನಮ್ಮಮ್ಮನ ಫೋನಿಗೆ ಆ ವಿಷಾದದ ಮೆಸೇಜು ಬಂದ್ರೆ, ನಾಳೆ ಬೆಳಿಗ್ಗೆಯಿಂದ ನಿಮ್ಮ ಊಟ ತಿಂಡಿ ಬಗ್ಗೆ ನಾನೂ ವಿಷಾದಿಸ್ತೀನಿ."

ಅತ್ತೆ ಮಾತ್ರ ಅಂದು ಮೆತ್ತಗಿದ್ದರು. ಕುರ್ಚಿಯ ಕೈ ಸವರುತ್ತಾ ಹೇಳಿದರು: "ಅಳಿಯಂದ್ರೇ, ಪಿಂಚಣಿ ಹೋದ್ರೆ ಹೋಗ್ಲಿ. ಶಾಲೇಲಿ ಹಾಜರಿ ಕರೆದಾಗ ಇದ್ದ ಮಗುನ ಇಲ್ಲ ಅಂತ ನಾನು ಯಾವತ್ತೂ ಬರ್ದಿಲ್ಲ. ಈಗ ನನ್ನನ್ನೇ ಹಾಗೆ ಬರೀತಾರಲ್ಲ ಅಂತ."

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನಾನು ಕುರ್ಚಿಯನ್ನು ಮರೆತೆ, ರಿಮೋಟನ್ನು ಮರೆತೆ. ಇವರನ್ನು ಬದುಕಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. (ಬದುಕಿಸಿದ ಮರುದಿನ ಊರಿಗೆ ಹೋಗುತ್ತಾರೆ ಎಂಬುದೂ ಹಿಂದೆಯೇ ನೆನಪಾಯಿತು. ಉದಾತ್ತ ಭಾವನೆಗಳಿಗೆ ಇಂಥ ಊರುಗೋಲು ಇದ್ದರೆ ಹೆಚ್ಚು ದೂರ ನಡೆಯುತ್ತವೆ.)

ಕೊನೆಯ ಪ್ರಯತ್ನ. ಫೋನು ಹೂಜಿಗೆ ಒರಗಿತು. ಮುಖ ವೃತ್ತಕ್ಕೆ ಬಂತು. "ಈಗ ರೆಪ್ಪೆ ಬಡಿಯಿರಿ" ಎಂದಿತು ಜೇನುದನಿ. ಅತ್ತೆ ಪ್ರಯತ್ನಿಸಿದರು. ಹಣೆ ಗಂಟಾಯಿತು, ಕಿವಿ ಅಲುಗಿತು, ಗಲ್ಲ ನಡುಗಿತು, ರೆಪ್ಪೆ ಮಾತ್ರ ಕಂಬದಂತೆ ನಿಂತಿತು.

"ಹಾಗಲ್ಲ ಅತ್ತೆ! ಇಷ್ಟೇ ಇದು! ಇಲ್ನೋಡಿ, ನನ್ನ ನೋಡಿ, ಹೀಗೆ!" ಎಂದು ನಾನು ಸಹನೆ ಕೆಟ್ಟು ಫೋನಿಗೂ ಅವರಿಗೂ ನಡುವೆ ಬಗ್ಗಿ, ನಮ್ಮಿಬ್ಬರಿಗೂ ಕಾಣುವಂತೆ ಮುಖವನ್ನು ಅತ್ತ ಇತ್ತ ತಿರುಗಿಸುತ್ತಾ, ಪಟಪಟನೆ ರೆಪ್ಪೆ ಬಡಿದೆ.

ಟಿಣ್!

"ಅಭಿನಂದನೆಗಳು! ನೀವು ಇದ್ದೀರಿ. ನಿಮ್ಮ ಮುಖವನ್ನು ನೆನಪಿಟ್ಟುಕೊಳ್ಳಲಾಗಿದೆ."

ನಾನು ಕುಣಿದೆ. ಹೂಜಿಯನ್ನು ಎತ್ತಿ ಮುದ್ದಾಡಿದೆ. ಬಾಗಿಲ ಪಕ್ಕದ ಪೆಟ್ಟಿಗೆಯನ್ನು ನೋಡಿದೆ, ಅದೂ ನನ್ನನ್ನು ನೋಡಿ ನಕ್ಕಂತಾಯಿತು.

"ಬಡಿದ್ಯಾ ಅಮ್ಮಾ?" ಎಂದಳು ಹೆಂಡತಿ.

"ನಾನು ಬಡೀಲಿಲ್ಲ" ಎಂದರು ಅತ್ತೆ.

"ಬಡಿದಿರಿ ಅತ್ತೆ! ನಿಮಗೇ ಗೊತ್ತಾಗ್ಲಿಲ್ಲ ಅಷ್ಟೇ!"

"ನನ್ನ ರೆಪ್ಪೆ ನನಗೆ ಗೊತ್ತಾಗಲ್ವಾ?"

"ಯಂತ್ರ ಸುಳ್ಳು ಹೇಳಲ್ಲ ಅತ್ತೆ. ಮನುಷ್ಯರು ಮರೀಬಹುದು, ಯಂತ್ರ ಮರೆಯಲ್ಲ" ಎಂದೆ. ಇಲಾಖೆಯ ಕರಪತ್ರದಲ್ಲಿ ನಾನೇ ಬರೆದ ಮಾತು.

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ನಾನು ರೆಪ್ಪೆ ಬಡಿದೆ.

ಮರುದಿನ ಅತ್ತೆಯ ಬಸ್ಸು ಮಧ್ಯಾಹ್ನಕ್ಕಿತ್ತು. ನಾನು ನನ್ನ ಕುರ್ಚಿಯಲ್ಲಿ ಒಂದು ಗಳಿಗೆ ಕೂತು, ಗೆರೆ ಬೀಳದ ದಿನಪತ್ರಿಕೆಯನ್ನು ಓದಿ, ಸೀಟಿ ಹೊಡೆಯುತ್ತಾ ಕಚೇರಿಗೆ ಹೋದೆ. ನಮ್ಮ ಕಚೇರಿಯ ಬಾಗಿಲು ಈಗ ತಾನಾಗಿ ತೆರೆಯುತ್ತದೆ. ಮುಖ ತೋರಿಸಿದರೆ ಹಾಜರಿಯೂ ಆಯಿತು, ಪ್ರವೇಶವೂ ಆಯಿತು. ನಾನು ಮೀಸೆ ನೇವರಿಸಿ ಮುಖ ಮುಂದೊಡ್ಡಿದೆ.

"ಸ್ವಾಗತ ಅಮ್ಮಾ. ಹಿರಿಯರಿಗೆ ಕುರ್ಚಿ ಎಡಗಡೆ ಇದೆ."

ಬಾಗಿಲು ತೆರೆಯಲಿಲ್ಲ. ನಾನು ಹಿಂದೆ ತಿರುಗಿ ನೋಡಿದೆ, ಯಾವ ಅಮ್ಮನೂ ಇರಲಿಲ್ಲ. ಮತ್ತೆ ಮುಖ ತೋರಿಸಿದೆ.

"ಅಮ್ಮಾ, ನೀವು ಈಗಾಗಲೇ ಬಂದಿದ್ದೀರಿ. ದಯವಿಟ್ಟು ಕೂತುಕೊಳ್ಳಿ."

ಬಾಗಿಲ ಕಾವಲುಗಾರ ಟೋಪಿ ತೆಗೆದು ಅದರಿಂದ ಬಾಯಿ ಮುಚ್ಚಿಕೊಂಡ. "ಸರ್, ನೀರು ಗೀರು ಕೊಡ್ಲಾ?"

"ಬಾಗಿಲು ತೆಗೆಯಯ್ಯಾ!"

"ನಿಮ್ಮದೇ ಆರ್ಡರ್ ಇದೆ ಸರ್. ಮುಖ ಒಪ್ಪದೆ ಅಪ್ಪ ಬಂದ್ರೂ ಬಿಡಬಾರದು ಅಂತ. ಅಮ್ಮನ ವಿಷಯ ಬರೆದಿಲ್ಲ, ಅದಕ್ಕೆ ಬೇಕಾದ್ರೆ ಕೇಳಿ ನೋಡ್ತೀನಿ."

ಕೇಳಿ ನೋಡಿದ. ನಿರ್ದೇಶಕರು ಕೆಳಗಿಳಿದು ಬಂದರು. ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿ ಎರಡು ಸಲ 'ಅಮ್ಮಾ' ಎನ್ನಿಸಿ ಕೇಳಿದರು. ಮೂರನೆಯ ಸಲವೂ ಕೇಳಿದರು, ಅದು ಬರೀ ಚಪಲಕ್ಕೆ ಎಂದು ನನ್ನ ಅನುಮಾನ. ಆಮೇಲೆ ಕಂಪನಿಯವನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು.

"ಸರ್, ಸಿಸ್ಟಮ್ ಸರಿಯಾಗೇ ಕೆಲಸ ಮಾಡಿದೆ" ಎಂದ ಕಂಪನಿಯವನು ಹೆಮ್ಮೆಯಿಂದ. "ನಿನ್ನೆ ಸಂಜೆ ನಿಮ್ಮತ್ತೆ ಹೆಸರಲ್ಲಿ ಈ ಮುಖ ದಾಖಲಾಗಿದೆ. ರೆಪ್ಪೆ ತುಂಬಾ ಚೆನ್ನಾಗಿ ಬಡಿದಿದಾರೆ. ಅದೇ ಮುಖ ಇನ್ನೊಬ್ಬರ ಹೆಸರಲ್ಲೂ ಇತ್ತು. ಹಳೇದು ನಕಲಿ ಅಂತ ತಕ್ಷಣ ಅಳಿಸಿದೆ."

"ನಕಲಿ ಯಾರು?" ಎಂದೆ.

"ನೀವು, ಸರ್."

"ತಿದ್ದಿ ಮತ್ತೆ!"

"ತಿದ್ದಬಹುದು ಸರ್, ಸುಲಭ. ಸೇವಾ ಸುಧಾರಣಾ ಅಧಿಕಾರಿ ಬಂದು ಮುಖ ತೋರಿಸಿ ಒಪ್ಪಿಗೆ ಕೊಟ್ರೆ ಆಯ್ತು."

"ಅದು ನಾನೇ ಕಣಯ್ಯಾ!"

"ಇಲ್ಲ ಸರ್. ನೀವೀಗ ನಿಮ್ಮತ್ತೆ."

ಫೋನಿನ ಆ ಕಡೆ ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. "ಇನ್ನೊಬ್ಬ ಅಧಿಕಾರಿ ಇರ್ಲಿ ಅಂತ ಅವತ್ತೇ..." ಎಂದು ಶುರು ಮಾಡಿದ. ನಾನು ಕರೆ ಕಡಿದೆ. ನಾನು ನಕಲಿಯಾದರೂ ಬೆರಳುಗಳು ಅಸಲಿ.

ನಿರ್ದೇಶಕರು ಗಲ್ಲ ಕೆರೆದುಕೊಂಡರು. "ಹೊಸಬರನ್ನ ಆ ಹುದ್ದೆಗೆ ಹಾಕೋಣ ಅಂದ್ರೆ ಹುದ್ದೆ ಖಾಲಿ ಆಗ್ಬೇಕು. ಖಾಲಿ ಆಗೋಕೆ ನೀವು ಬಿಟ್ಟುಕೊಡಬೇಕು. ಬಿಟ್ಟುಕೊಡೋಕೆ ನೀವು..."

"ಮುಖ ತೋರಿಸ್ಬೇಕು" ಎಂದೆ.

"ಹ್ಞಾ. ಒಂದು ಸಮಿತಿ ಮಾಡೋಣ ಬಿಡಿ." ಸಮಿತಿ ಎಂದ ಕೂಡಲೇ ಅವರ ಮುಖದಲ್ಲಿ ನೆಮ್ಮದಿ ಮೂಡಿತು. "ಅಲ್ಲಿವರೆಗೂ ನೀವು ಒಳಗೆ ಬರೋ ಹಾಗಿಲ್ಲ. ಸುಮ್ಮನೆ ಕೂರೋ ಹಾಗೂ ಇಲ್ಲ."

ಅಷ್ಟರಲ್ಲಿ ಬಾಗಿಲ ಹೊರಗೆ ಆಗಲೇ ಗುಂಪೊಂದು ಸೇರಿತ್ತು. ಎಲ್ಲ ಹಿರಿಯರೇ. ಹಿಂದಿನ ಸಂಜೆ ವಿಷಾದದ ಸಂದೇಶ ಬಂದವರು. ಒಬ್ಬರ ಕೈ ನಡುಗಿ ಫೋನು ನಿಂತಿರಲಿಲ್ಲ, ಇನ್ನೊಬ್ಬರಿಗೆ ವೃತ್ತವೇ ಕಂಡಿರಲಿಲ್ಲ, ಮತ್ತೊಬ್ಬರು ಇಡೀ ಹೊತ್ತು ರೆಪ್ಪೆ ಬಡಿಯುತ್ತಲೇ ಇದ್ದದ್ದರಿಂದ ಅವರು ನಿದ್ರಿಸುತ್ತಿದ್ದಾರೆಂದು ಯಂತ್ರ ತಿಳಿದಿತ್ತು. "ನಾನು ಸತ್ತಿದೀನಂತೆ, ಯಾರನ್ನ ಕೇಳ್ಬೇಕು?" ಎಂದು ಒಬ್ಬ ಅಜ್ಜಿ ನನ್ನ ತೋಳು ಹಿಡಿದರು.

ನಿರ್ದೇಶಕರು ಆ ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು, ಮೇಲೆ ಹೋದರು. ಕೆಳಗಿಳಿದಾಗ ಅವರ ಕೈಯಲ್ಲಿ ಗಾಜಿನ ಪೆಟ್ಟಿಗೆಯಿತ್ತು. ಅದರೊಳಗಿನ ಮುದ್ರೆಯನ್ನು ತೆಗೆದು ನನಗೆ ಕೊಟ್ಟರು. ಕಾವಲುಗಾರ ತನ್ನ ಸ್ಟೂಲನ್ನೂ, ಸುಧಾರಣೆಗೆ ಅಡ್ಡವಾಗಿದ್ದ ಆ ಹಳೆಯ ಮೇಜನ್ನೂ ಎಲ್ಲಿಂದಲೋ ಎಳೆದು ತಂದ.

ಸಂಜೆಯವರೆಗೂ ನಾನು ಬಾಗಿಲ ಹೊರಗೆ ಕೂತು, ಎದುರಿಗೆ ಬಂದವರ ಮುಖ ನೋಡಿ, "ಹ್ಞಾ, ಇದ್ದೀರಿ" ಎಂದು ಮುದ್ರೆ ಒತ್ತಿದೆ. ಸಾಲು ಸರಸರನೆ ಸಾಗಿತು. ಮೆಟ್ಟಿಲಿಲ್ಲದ್ದರಿಂದ ಯಾರೂ ಅರ್ಧ ಜೀವವಾಗಲಿಲ್ಲ. ಇದಕ್ಕಿಂತ ಒಳ್ಳೆಯ ಸೇವೆಯನ್ನು ನಮ್ಮ ಇಲಾಖೆ ಯಾವತ್ತೂ ಕೊಟ್ಟಿರಲಿಲ್ಲ ಎಂದು ಒಬ್ಬ ಅಜ್ಜ ನನ್ನ ತಲೆ ಸವರಿ ಹೋದರು. ಅದೇ ಮೆಚ್ಚುಗೆ ಸಭೆಯಲ್ಲಿ ಬಂದಿದ್ದರೆ ಖುಷಿಯಾಗುತ್ತಿತ್ತು. ಸ್ಟೂಲಿನ ಮೇಲೆ ಕೂತವನಿಗೆ ಹಲ್ಲು ಕಡಿಯುವಂತಾಯಿತು.

ಮನೆಗೆ ಬಂದರೆ ಅತ್ತೆ ಇನ್ನೂ ಹೊರಟಿರಲಿಲ್ಲ! ಪೆಟ್ಟಿಗೆಯ ಮೇಲೆ ಕೂತಿದ್ದರು.

"ಬಸ್ಸಲ್ಲಿ ಹೊಸದಾಗಿ ಕೂರಿಸಿದ ಯಂತ್ರ ಮುಖ ತೋರಿಸು ಅಂತು. ತೋರಿಸ್ದೆ. 'ಅಪರಿಚಿತ ಮುಖ' ಅಂತು. ಇಳಿಸಿಬಿಟ್ರು" ಎಂದರು. "ಅಳಿಯಂದ್ರೇ, ನಿನ್ನೆ ರೆಪ್ಪೆ ಬಡಿದಿದ್ದು ಯಾರು?"

ನೋಟ ಶುರುವಾಯಿತು. ನಾನು ತಡೆದುಕೊಳ್ಳಲು ನೋಡಿದೆ. ಅಷ್ಟು ಹೊತ್ತು ತಡೆದದ್ದು ನನ್ನ ಜೀವಮಾನದ ದಾಖಲೆ. ಆಮೇಲೆ ರೆಪ್ಪೆ ಬಡಿದೆ, ಎಲ್ಲವನ್ನೂ ಹೇಳಿದೆ.

ಅತ್ತೆ ಸಿಟ್ಟಾಗಲಿಲ್ಲ. ಅದೇ ನನಗೆ ಭಯವಾದದ್ದು. ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳುತ್ತಾ ಹೋದರು.

"ಅಂದ್ರೆ ಸರ್ಕಾರದ ಪ್ರಕಾರ ನಾನು ಬದುಕಿದೀನಿ?"

"ಬದುಕಿದ್ದೀರಿ ಅತ್ತೆ."

"ಆದ್ರೆ ನನ್ನ ಮುಖ ನಿಮ್ಮದು?"

"ಸಮಿತಿ ವರದಿ ಕೊಡೋವರೆಗೆ, ಅತ್ತೆ."

"ಆಸ್ಪತ್ರೆಗೆ ಹೋಗ್ಬೇಕಾದ್ರೆ?"

"ನಾನು ಜೊತೆಗೆ ಬಂದು ಮುಖ ತೋರಿಸ್ಬೇಕು."

"ಗ್ರಂಥಾಲಯ?"

"ನಾನೇ."

"ಬಸ್ಸು?"

"ಅದಕ್ಕೂ ನಾನೇ."

"ಮುಂದಿನ ವರ್ಷ ನಾನು ಬದುಕಿದೀನಿ ಅಂತ ತೋರಿಸೋಕೆ?"

"ನಾನೇ ರೆಪ್ಪೆ ಬಡೀಬೇಕು, ಅತ್ತೆ."

ಅತ್ತೆ ಎದ್ದು ಸೆರಗು ಸರಿಪಡಿಸಿಕೊಂಡು ಮಗಳಿಗೆ ಹೇಳಿದರು: "ಪೆಟ್ಟಿಗೆ ಒಳಗೆ ತಗೊಂಡು ಹೋಗು ಮಗೂ. ನನ್ನ ಮುಖ ಇಲ್ಲಿಟ್ಟು ನಾನು ಊರಲ್ಲಿದ್ದು ಏನು ಮಾಡ್ಲಿ?"

ಹೆಂಡತಿ ಹಿಗ್ಗಿನಿಂದ ಪೆಟ್ಟಿಗೆ ಎತ್ತಿದಳು. ಅತ್ತೆಯ ಸೀರೆಗಳು ನನ್ನ ಕಪಾಟಿಗೆ ಹೋದವು. ನನ್ನ ಅಂಗಿಗಳು ಆ ಪೆಟ್ಟಿಗೆಗೆ ಬಂದವು. ಪೆಟ್ಟಿಗೆ ಮತ್ತೆ ಬಾಗಿಲ ಪಕ್ಕದಲ್ಲೇ ಕೂತಿತು. ಈಗ ಅದನ್ನು ನೋಡಿದರೆ ಇವತ್ತೋ ನಾಳೆಯೋ ಹೊರಡಬೇಕಾದವನು ನಾನು ಎನ್ನಿಸುತ್ತದೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ಅತ್ತೆ ನನ್ನ ಕುರ್ಚಿಯಲ್ಲಿ ಕೂತು, ಫೋನು ಹಿಡಿದು, ಸರ್ಕಾರಿ ದಾಖಲೆಯಲ್ಲಿ ತಮ್ಮ ಹೆಸರಿನ ಪಕ್ಕದಲ್ಲಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಅಳಿಯಂದ್ರೇ, ನಾನು ಇಡೀ ಶಾಲೆ ಆಳಿದವಳು. ನನ್ನ ಮುಖದ ಮೇಲೆ ಮೀಸೆ ಇರೋದನ್ನ ನಾನು ಸಹಿಸಲ್ಲ."

"ಅತ್ತೆ! ಮೀಸೆ ನನ್ನದು!"

"ಮುಖ ಯಾರದ್ದು?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ಬಿಸಿನೀರು ತಂದಿದ್ದಳು. ಯಂತ್ರಕ್ಕೆ ಗುರುತು ಸಿಗದೆ ಹೋದೀತು ಎಂದು ಕಡೆಯ ಅಸ್ತ್ರ ಬಿಟ್ಟೆ. ಅತ್ತೆ ತಾವೇ ಕಂಪನಿಯವನಿಗೆ ಫೋನ್ ಮಾಡಿದರು. "ಇಲ್ಲ ಮೇಡಂ, ಮೀಸೆ ಇದ್ರೂ ಇಲ್ದಿದ್ರೂ ಗುರುತು ಹಿಡಿಯುತ್ತೆ, ಆ ಸೌಲಭ್ಯ ನಿಮ್ಮ ಅಳಿಯಂದಿರೇ ಕೇಳಿ ಹಾಕಿಸಿದ್ದು" ಎಂದ ಆ ಮಹಾನುಭಾವ.

ಕ್ಷೌರ ಮುಗಿಸಿ ಸ್ನಾನದ ಕೋಣೆಯಿಂದ ಹೊರಬಂದೆ. ಮೇಲ್ದುಟಿಯ ಮೇಲೆ ಗಾಳಿ ಆಡಿ ಚಳಿಯಾಗುತ್ತಿತ್ತು. ಹೆಂಡತಿ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ! ಇಷ್ಟು ವರ್ಷ ಆ ಮೀಸೆ ಹಿಂದೆ ಇದ್ದಿದ್ದು ನಮ್ಮಮ್ಮನ ಮುಖಾನೇ ಅಲ್ವೇನ್ರೀ?"

ಅತ್ತೆ ಕನ್ನಡಕ ಏರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ಪರೀಕ್ಷಿಸಿದರು. ಆಮೇಲೆ, ಅವರನ್ನು ನಾನು ಕಂಡಂದಿನಿಂದ ಮೊಟ್ಟಮೊದಲ ಬಾರಿಗೆ, ಎಲ್ಲರೂ ನೋಡುತ್ತಿದ್ದಂತೆಯೇ, ಪಟಪಟನೆ ರೆಪ್ಪೆ ಬಡಿದರು.